ಅಂಗಳದಲ್ಲೊಂದು ಬಳ್ಳಾರಿ ಗುಡ್ಡ

ಕಳೆದ ದೀಪಾವಳಿಗೆ ಮೋಕದ ನಮ್ಮ ಮನೆಯ ಅಂಗಳದಲ್ಲಿ ಬಳ್ಳಾರಿ ಗುಡ್ಡ ಎದ್ದು ನಿಂತಿತ್ತು. ಗಾಬರಿಯಾಗಬೇಡಿ, ನಿಜವಾದ ಗುಡ್ಡ ಬಳ್ಳಾರಿಯಲ್ಲೇ ಇದೆ! ನಮ್ಮದು ಎಂಟು ಬುಟ್ಟಿ ಮಣ್ಣು, ಎರಡು ಬುಟ್ಟಿ ಹಗರಿ ಹೊಳೆಯ ಮರಳು, ಹಿತ್ತಲಲ್ಲಿ ಬಿದ್ದಿದ್ದ ಕಲ್ಲು, ಒಡೆದ ಎರಡು ಕೊಡ, ಒಂದು ಹರಕು ಗೋಣಿಚೀಲ, ಇಷ್ಟರಲ್ಲಿ ಆದ ಗುಡ್ಡ. ಮೊಣಕಾಲಿನಿಂದ ಒಂದು ಗೇಣು ಮೇಲೆ ಬರುತ್ತಿತ್ತು. ತುದಿಯಲ್ಲೊಂದು ಕೋಟೆ, ಬುಡದಲ್ಲೊಂದು ಕೋಟೆ, ಪಕ್ಕದಲ್ಲಿ ಕುಂಬಾರ ಗುಡ್ಡ.

ಹಾಲು ಕೊಡಲು ಬಂದ ಎದುರು ಮನೆಯಾಕೆ ನನ್ನ ಕೆಸರು ಕೈ ನೋಡಿ, "ಏನಕ್ಕಾ, ಹಬ್ಬದಾಗ ಹೊಸಾ ಒಲಿ ಹಾಕಾಕ ಕುಂತೀಯಲ್ಲ?" ಅಂದಳು. "ಒಲೆಯಲ್ಲ, ಕೋಟೆ" ಅಂದೆ. ಆಕೆ ನನ್ನ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು, ಏನೂ ಅನ್ನದೆ ಹಾಲಿನ ಪಾತ್ರೆ ಇಟ್ಟು ಹೋದಳು. ಅರವತ್ತು ದಾಟಿದ ಹೆಂಗಸು ಮಣ್ಣಾಟ ಆಡುತ್ತಿದ್ದರೆ ಪಾಪ, ಅವಳಾದರೂ ಏನನ್ನಬೇಕು!

ಈ ಹುಚ್ಚು ನನಗೆ ಅಂಟಿದ್ದು ತವರಿನಲ್ಲಿ. ನನ್ನ ತವರು ಬೆಳಗಾವಿಯ ಶಹಾಪುರ. ಆ ಕಡೆ ದೀಪಾವಳಿ ಬಂತೆಂದರೆ ಓಣಿ ಓಣಿಯಲ್ಲಿ ಹುಡುಗರು ಕಿಲ್ಲೆ ಕಟ್ಟುತ್ತಾರೆ. ಕಿಲ್ಲೆ ಎಂದರೆ ಕೋಟೆ. ಮಹಾರಾಷ್ಟ್ರದಲ್ಲೆಲ್ಲ ಇರುವ ಪದ್ಧತಿ ಇದು. ಗಡಿಯ ಈಚೆ ನಮ್ಮ ಬೆಳಗಾವಿ, ನಿಪ್ಪಾಣಿ ಕಡೆಗೂ ಇದೆ. ಇಂದಿಗೂ ಕಟ್ಟುತ್ತಾರೆ, ಸ್ಪರ್ಧೆ ಇಟ್ಟು ಬಹುಮಾನವನ್ನೂ ಕೊಡುತ್ತಾರೆ. ಮೈಸೂರು ಕಡೆಯ ಸೋದರಿಯರು ದಸರೆಯಲ್ಲಿ ಗೊಂಬೆ ಕೂರಿಸಿ, ಮುಂದೆ ರಾಗಿ ಪೈರಿನ ಪಾರ್ಕು, ಕನ್ನಡಿ ಚೂರಿನ ಕೊಳ ಮಾಡುತ್ತೀರಲ್ಲ, ಅದಕ್ಕೂ ಇದಕ್ಕೂ ಅಕ್ಕ-ತಮ್ಮನ ನಂಟು. ಆದರೆ ಅಲ್ಲಿ ಗೊಂಬೆ ಮುಖ್ಯ, ನೆಲ ಆಮೇಲೆ. ಕಿಲ್ಲೆಯಲ್ಲಿ ನೆಲವೇ ಮುಖ್ಯ. ಗುಡ್ಡ ಸರಿಯಾಗಿ ಬರದಿದ್ದರೆ ಎಷ್ಟು ಚೆಂದದ ಸಿಪಾಯಿ ತಂದಿಟ್ಟರೂ ಅವನು ತಿಪ್ಪೆಯ ಮೇಲೆ ನಿಂತ ಹಾಗೆ ಕಾಣುತ್ತಾನೆ.

ನಾವು ಕಟ್ಟುತ್ತಿದ್ದುದು ಶಿವಾಜಿಯ ಕಿಲ್ಲೆಗಳನ್ನು. ಒಂದು ವರ್ಷ 1659ರಲ್ಲಿ ಅಫಜಲಖಾನ ಬಂದು ಸತ್ತ ಪ್ರತಾಪಗಡ, ಇನ್ನೊಂದು ವರ್ಷ 1674ರಲ್ಲಿ ಪಟ್ಟಾಭಿಷೇಕ ನಡೆದ ರಾಯಗಡ. ಈಗ ಯೋಚಿಸಿದರೆ ನಗು ಬರುತ್ತದೆ. ಬೆಳಗಾವಿಯಲ್ಲೇ 1204ರಲ್ಲಿ ರಟ್ಟರ ಕಾಲದಲ್ಲಿ ಕಟ್ಟಿದ ಕೋಟೆ ಇದೆ. ಸುತ್ತ ಕಂದಕವಿದೆ. ನಮ್ಮ ಓಣಿಯಿಂದ ನಡೆದು ಹೋಗಿ ನೋಡಿ ಬರಬಹುದಿತ್ತು. ಅದನ್ನು ಯಾರೂ ಕಟ್ಟಲಿಲ್ಲ. ಸಪಾಟು ನೆಲದ ಕೋಟೆ, ಅದಕ್ಕೆ ಗುಡ್ಡವೇ ಇಲ್ಲ, ಗುಡ್ಡವಿಲ್ಲದ ಕಿಲ್ಲೆಯಲ್ಲಿ ಮಜಾ ಏನಿದೆ ಎಂದು ಹುಡುಗರ ವಾದ. ನಾವ್ಯಾರೂ ಕಣ್ಣಾರೆ ನೋಡದ ರಾಯಗಡವನ್ನು ಕ್ಯಾಲೆಂಡರಿನ ಚಿತ್ರ ನೋಡಿ ಕಟ್ಟುತ್ತಿದ್ದೆವು.

"ಕಟ್ಟುತ್ತಿದ್ದೆವು" ಎಂದೆನಲ್ಲ, ಅದರಲ್ಲೂ ಒಂದು ಲೆಕ್ಕವಿದೆ. ನಕ್ಷೆ ಹಾಕುವವನು ನಮ್ಮಣ್ಣ. ಪೇಟೆಯಿಂದ ಮಣ್ಣಿನ ಮಾವಳೆಗಳನ್ನು, ಅಂದರೆ ಸಿಪಾಯಿಗಳನ್ನು, ಆರಿಸಿ ತಂದು ಇಡುವವನು ನಮ್ಮಣ್ಣ ಮತ್ತು ಅವನ ಮೂವರು ಗೆಳೆಯರು. ಕೇಸರಿ ಬಾವುಟ ಸಿಗಿಸುವವರೂ ಅವರೇ. ಮಣ್ಣು ಹೊರುವುದು, ಕಲ್ಲು ಆರಿಸುವುದು, ಮಣ್ಣು ತುಳಿಯುವುದು, ಗೋಣಿತಟ್ಟನ್ನು ಕೆಸರಿನಲ್ಲಿ ಅದ್ದಿ ಕಲ್ಲಿನ ಮೇಲೆ ಹೊದಿಸಿ ಗುಡ್ಡದ ಮಡಿಕೆ ತರುವುದು, ಚಮಚದ ಹಿಡಿಕೆಯಿಂದ ಮೆಟ್ಟಿಲು ಕೊರೆಯುವುದು, ಸಾಸಿವೆ ಬಿತ್ತಿ ದಿನಕ್ಕೆರಡು ಸಲ ನೀರು ಚಿಮುಕಿಸಿ ಹುಲ್ಲು ಬರಿಸುವುದು, ಇದೆಲ್ಲ ನನ್ನದು. "ನಿನ್ನ ಕೈ ಸಣ್ಣದದ, ನಿನಗ ಛಲೋ ಬರತದ" ಅಂತ ಹೊಗಳಿ ಹೊಗಳಿ ಮಾಡಿಸುತ್ತಿದ್ದ. ನಾನೂ ಉಬ್ಬಿ ಹೋಗಿ ಮಾಡುತ್ತಿದ್ದೆ.

ನಾನು ಏಳನೇ ಇಯತ್ತೆಯಲ್ಲಿದ್ದ ವರ್ಷ ನಮ್ಮ ಕಿಲ್ಲೆಗೆ ಓಣಿಯಲ್ಲಿ ಮೊದಲ ಬಹುಮಾನ ಬಂತು. ಕಿಲ್ಲೆಯ ಮುಂದೆ ಒಂದು ಹಲಗೆ ನಿಲ್ಲಿಸಿ ಕಟ್ಟಿದವರ ಹೆಸರು ಬರೆದಿದ್ದರು. ನಾಲ್ಕು ಹೆಸರು. ನನ್ನದಿಲ್ಲ. ಕೇಳಿದ್ದಕ್ಕೆ ಅಣ್ಣ, "ಕಿಲ್ಲೇದ ಮ್ಯಾಲೆ ಹುಡುಗ್ಯಾರ ಹೆಸರು ಬರಿಯಂಗಿಲ್ಲ" ಅಂದ. ಅದು ಯಾವ ಶಾಸ್ತ್ರದಲ್ಲಿದೆಯೋ ಕಾಣೆ. ಅತ್ತೆ. ಅವ್ವ ಸಮಾಧಾನಕ್ಕೆ ಎರಡು ಕರ್ಚಿಕಾಯಿ ಹೆಚ್ಚಿಗೆ ಕೊಟ್ಟಳು. ತಿಂದೆ. ಮರೆತೆ ಅಂದುಕೊಂಡಿದ್ದೆ.

1984ರಲ್ಲಿ ಮದುವೆಯಾಗಿ ಮೋಕಕ್ಕೆ ಬಂದೆ. ಬೆಳಗಾವಿಯ ಮಳೆ, ಕೆಂಪು ಮಣ್ಣು, ಹಸಿರು ಬಿಟ್ಟು ಬಂದವಳಿಗೆ ಇಲ್ಲಿ ಕಂಡದ್ದು ಕಣ್ಣು ಹರಿಯುವಷ್ಟು ದೂರ ಎರೆಹೊಲ. ಹತ್ತಿ, ಮೆಣಸಿನಕಾಯಿ, ತುಂಗಭದ್ರಾ ಕಾಲುವೆ ನೀರು ಹರಿದಲ್ಲಿ ಭತ್ತ. ಮಗ್ಗುಲಲ್ಲಿ ಹಗರಿ, ಶಾಸ್ತ್ರೋಕ್ತವಾಗಿ ಹೇಳಬೇಕೆಂದರೆ ವೇದಾವತಿ. ಸಾಕಷ್ಟು ತಿಂಗಳು ಅದರಲ್ಲಿ ನೀರಿಗಿಂತ ಮರಳೇ ಹೆಚ್ಚು. ಮಾತಿನಲ್ಲಿ ಅರ್ಧ ತೆಲುಗು. ನಮ್ಮ ಮಾವನವರು ಹೇಳುತ್ತಿದ್ದರು: 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬೀಗರು ಬಿಜ್ಜರೆಲ್ಲ ಒಂದೇ ದಿನದಲ್ಲಿ ಬೇರೆ ರಾಜ್ಯದವರಾದರು ಅಂತ. ಒಂದು ಗಡಿಯಿಂದ ಎದ್ದು ಇನ್ನೊಂದು ಗಡಿಗೆ ಬಂದು ಕೂತೆನಲ್ಲ ಎಂದು ನನಗೆ ನಾನೇ ನಕ್ಕದ್ದುಂಟು.

ಮೊದಲ ದೀಪಾವಳಿ ತವರಿನಲ್ಲಾಯಿತು. ಎರಡನೆಯದು ಇಲ್ಲಿ. ಹಬ್ಬಕ್ಕೆ ಎಂಟು ದಿನ ಇರುವಾಗ ಕೈ ತುರಿಸತೊಡಗಿತು. ಯಾರಿಗೂ ಹೇಳದೆ ಹೊಲದಿಂದ ಬುಟ್ಟಿ ಮಣ್ಣು ತರಿಸಿ, ಬಾವಿಕಟ್ಟೆಯ ಪಕ್ಕ ರಾಯಗಡ ಶುರು ಮಾಡಿದೆ. ಅಯ್ಯೋ, ಎರೆಮಣ್ಣಿನ ಗುಣ ನನಗೇನು ಗೊತ್ತು? ನೀರು ಬಿದ್ದರೆ ಹಲ್ವದಂತೆ ಉಬ್ಬುತ್ತದೆ, ಕೈಗೆ ಕಾಲಿಗೆ ಸೊಂಟಕ್ಕೆ ಹತ್ತುತ್ತದೆ, ಒಣಗಿದರೆ ಬಿರಿಯುತ್ತದೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ರಾಯಗಡದಲ್ಲಿ ನನ್ನ ಬೆರಳು ಹೋಗುವಷ್ಟು ಬಿರುಕು. ನಾಲ್ಕನೇ ದಿನ ಒಂದು ಕಡೆಯ ಬುರುಜು ಸಮೇತ ಕುಸಿದು ಬಾವಿಕಟ್ಟೆಯೆಲ್ಲ ಕೆಸರು. ಅತ್ತೆಯವರು ಸ್ನಾನಕ್ಕೆ ನೀರು ಸೇದಲು ಬಂದವರು ಜಾರಿ ಹೇಗೋ ಸಾವರಿಸಿಕೊಂಡು, "ಯಾಕವ್ವ, ಲಕ್ಷ್ಮಿ ಬರೋ ಹೊತ್ತಿಗೆ ಬಾಗಿಲಾಗ ಮಣ್ಣಗುಡ್ಡಿ ಹಾಕೀದಿ? ನಿಮ್ಮೂರಾಗ ಇದೇ ಹಬ್ಬೇನು?" ಅಂದರು.

ಹೊಸ ಸೊಸೆ. ಉತ್ತರ ಕೊಡಲಿಲ್ಲ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಮಣ್ಣು ಬಳಿಯತೊಡಗಿದೆ. ಅತ್ತೆಯವರು ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ, "ಬಳೀಬ್ಯಾಡ, ತಡಿ" ಅಂದರು.

ಈ ಕಡೆ ಬಲಿಪಾಡ್ಯಮಿಯ ದಿನ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಹೂ ಸಿಗಿಸಿ, ಬಾಗಿಲಿಗೆ, ದನದ ಕೊಟ್ಟಿಗೆಗೆ, ತಿಪ್ಪೆಗೆ ಇಡುತ್ತಾರೆ. ನಮ್ಮತ್ತೆ ಅದರಲ್ಲಿ ಪಳಗಿದ ಕೈ. ಅವರ ಪಾಂಡವರು ಒಂದೂ ಬಿರಿಯುವುದಿಲ್ಲ. ಅವರು ನನ್ನ ಮಣ್ಣನ್ನು ಬೆರಳಲ್ಲಿ ತೀಡಿ ನೋಡಿ, "ಬರೀ ಎರಿ ಮಣ್ಣಿಗಿ ಮೈ ಎಲ್ಲೈತಿ? ಸಗಣಿ ಹಾಕು, ಹೊಟ್ಟು ಹಾಕು, ಮರಳು ಹಾಕು" ಎಂದರು. ಅಂದಿನಿಂದ ಇಂದಿನವರೆಗೆ ನಾನು ಕಲಸುವುದು ಅವರು ಹೇಳಿಕೊಟ್ಟ ಅಳತೆಯಲ್ಲೇ. ಕೆಂಪು ಮಣ್ಣು ಮೂರು ಪಾಲು, ಎರೆಮಣ್ಣು ಒಂದು ಪಾಲು, ಜರಡಿ ಹಿಡಿದ ಮರಳು ಒಂದು ಪಾಲು. ಬುಟ್ಟಿಗೆ ಎರಡು ಹಿಡಿ ಭತ್ತದ ಹೊಟ್ಟು, ಒಂದು ಉಂಡೆ ಸಗಣಿ. ಹಿಂದಿನ ರಾತ್ರಿ ನೆನೆಹಾಕಿ ಬೆಳಿಗ್ಗೆ ತುಳಿಯಬೇಕು. ಒಂದೇ ಸಲಕ್ಕೆ ಗುಡ್ಡೆ ಹಾಕದೆ ಎರಡು ಬೆರಳು ದಪ್ಪ ಮೆತ್ತಿ, ಆರಲು ಬಿಟ್ಟು, ಮತ್ತೆ ಮೆತ್ತಬೇಕು. ಬಿಸಿಲಿಗೆ ಬಿಡಬಾರದು, ನೆರಳಿನಲ್ಲೇ ಆರಬೇಕು.

ಮಣ್ಣು ನಿಂತಿತು. ಗುಡ್ಡ ಮತ್ತೆ ಎದ್ದಿತು. ಸಾಸಿವೆ ಬಿತ್ತಿದೆ. ಮೂರು ದಿನಕ್ಕೆ ಹಸಿರು ಹೊಮ್ಮಿತು. ಹೆಮ್ಮೆಯಿಂದ ಅತ್ತೆಯವರನ್ನು ಕರೆದು ತೋರಿಸಿದೆ. ಅವರು ಬಳ್ಳಾರಿ ಪೇಟೆಯಲ್ಲಿ, ಗುಡ್ಡದ ನೆರಳಲ್ಲೇ ಹುಟ್ಟಿ ಬೆಳೆದವರು. "ಇದ್ಯಾವ ಗುಡ್ಡ ಅವ್ವ? ಗುಡ್ಡದ ಮ್ಯಾಲೆ ಹುಲ್ಲು ಬೆಳಿತೈತೇನು?" ಅಂದರು. "ರಾಯಗಡ" ಅಂದೆ. "ನೀ ನೋಡೀಯೇನು?" ಅಂದರು. "ಇಲ್ಲ" ಅಂದೆ. "ನೋಡಲಾರದ್ದು ಯಾಕ ಮಾಡ್ತಿ? ನಮ್ಮೂರ ಗುಡ್ಡ ಮಾಡು" ಅಂದರು.

ಮರುವರ್ಷ ಅದಕ್ಕೆಂದೇ ನನ್ನನ್ನು ಬಸ್ಸು ಹತ್ತಿಸಿ ಬಳ್ಳಾರಿಗೆ ಕರೆದುಕೊಂಡು ಹೋದರು. ಕನಕ ದುರ್ಗಮ್ಮನ ದರ್ಶನ ಮಾಡಿಸಿ, ಗುಡ್ಡದ ಸುತ್ತ ನಡೆಸಿದರು. ಮದುವೆಯಾದ ಮೇಲೆ ಹತ್ತು ಸಲವಾದರೂ ಆ ಊರಿಗೆ ಹೋಗಿದ್ದೆ. ಸೀರೆ ಅಂಗಡಿ, ಪಾತ್ರೆ ಅಂಗಡಿ ಬಿಟ್ಟು ತಲೆ ಎತ್ತಿ ಗುಡ್ಡ ನೋಡಿರಲಿಲ್ಲ. ಮಾಡಬೇಕು ಎಂದುಕೊಂಡು ನೋಡಿದರೆ ನೋಟವೇ ಬೇರೆ. ನಮ್ಮ ಸಹ್ಯಾದ್ರಿಯ ಕಡೆಯ ಗುಡ್ಡಗಳು ತಲೆ ಸವರಿದಂತೆ ಸಪಾಟು, ಮೈತುಂಬ ಹಸಿರು. ಇದು ಬೋಳು ಬಂಡೆ. ಗುಂಡುಕಲ್ಲಿನ ಮೇಲೆ ಗುಂಡುಕಲ್ಲು. ಬಣ್ಣ ಬೂದಿ ಎನ್ನೋಣವೆಂದರೆ ಬೂದಿಯಲ್ಲ, ಇಳಿಬಿಸಿಲಿಗೆ ಸ್ವಲ್ಪ ಕೆಂಪು. ಒಲೆಯ ಬೂದಿಗೆ ಇಟ್ಟಿಗೆ ಪುಡಿ, ಚೂರು ಸುಣ್ಣ ಬೆರೆಸಿ ಬಳಿದರೆ ಬಂದೀತು ಎಂದು ಅಲ್ಲೇ ನಿಂತು ಲೆಕ್ಕ ಹಾಕಿದೆ.

ಬಳ್ಳಾರಿ ಕೋಟೆಯ ಕತೆ ಕೇಳಿದ್ದು ಆ ದಿನವೇ. ಮೇಲಿನ ಕೋಟೆ ಹಂಡೆ ಪಾಳೆಯಗಾರ ಹನುಮಪ್ಪ ನಾಯಕನದು. ಆಮೇಲೆ 18ನೇ ಶತಮಾನದಲ್ಲಿ ಹೈದರಾಲಿಯ ವಶವಾಯಿತು. ಆತ ಫ್ರೆಂಚ್ ಎಂಜಿನಿಯರ್ ಒಬ್ಬನನ್ನು ಹಿಡಿದು ಮೇಲಿನದನ್ನು ದುರಸ್ತಿ ಮಾಡಿಸಿ, ಬುಡದಲ್ಲಿ ಪೂರ್ವದ ಕಡೆ ಇನ್ನೊಂದು ಕೋಟೆ ಕಟ್ಟಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ! ಅಲ್ಲಿ ತೋಪು ಇಟ್ಟರೆ ಕೋಟೆಯ ಒಳಗೇ ಗುಂಡು. ಸಿಟ್ಟಿಗೆದ್ದ ಹೈದರಾಲಿ ಎಂಜಿನಿಯರನ್ನು ಕೋಟೆ ಬಾಗಿಲಲ್ಲೇ ಗಲ್ಲಿಗೇರಿಸಿದನಂತೆ. ಇದು ಜನ ಹೇಳುವ ಕತೆ. ಪೂರ್ವದ ಬಾಗಿಲ ಹತ್ತಿರ ಅವನ ಸಮಾಧಿ ಇದೆ ಎಂದೂ ಹೇಳುತ್ತಾರೆ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಕೋಟೆ ಯಾರ ಯಾರದೋ ಆಯಿತು. ಗಲ್ಲಿಗೇರಿದವನ ಕತೆ ಮಾತ್ರ ಬಳ್ಳಾರಿಯವರ ಬಾಯಲ್ಲಿ ಹಾಗೇ ಉಳಿದಿದೆ. ಅತ್ತೆಯವರು ಅದನ್ನು ಹೇಳುವಾಗ ಪ್ರತಿಸಲ ಕೊನೆಯಲ್ಲಿ, "ಮನಿ ಕಟ್ಟೋ ಮುಂಚೆ ಎದುರು ಮನಿ ನೋಡಬೇಕವ್ವ" ಎನ್ನುತ್ತಾರೆ.

ಹಾಗೆ ಶುರುವಾಯಿತು ನೋಡಿ. ಮಕ್ಕಳು ಸಣ್ಣವರಿರುವಷ್ಟು ವರ್ಷ ಪ್ರತಿ ದೀಪಾವಳಿಗೂ ಕಟ್ಟಿದೆ. ನಮ್ಮವರು ಮೊದಮೊದಲು ಗೊಣಗಿದರೂ ಆಮೇಲೆ ತಾವೇ ಬೆಂಕಿಪೊಟ್ಟಣ ಕೂಡಿಟ್ಟು ಕೊಡುತ್ತಿದ್ದರು. ಅದಕ್ಕೆ ಮಣ್ಣು ಮೆತ್ತಿ, ಬಾಚಣಿಗೆಯ ಹಲ್ಲು ಒತ್ತಿದರೆ ಕಲ್ಲುಗೋಡೆ ತಯಾರು. ಹತ್ತಿಕಟ್ಟಿಗೆಯ ಕವಲುಗಳಿಗೆ ಒಣ ಹೀರೆಕಾಯಿಯ ನಾರು ಬಿಡಿಸಿ ಅಂಟಿಸಿದರೆ ಮರ. ಸೋಸಿ ಉಳಿದ ಚಹಾಪುಡಿ ಒಣಗಿಸಿ ಉದುರಿಸಿದರೆ ಉತ್ತ ಎರೆಹೊಲ. ಸಾಸಿವೆ, ಅಳವಿ ಬೀಜ ಗುಡ್ಡಕ್ಕಲ್ಲ, ಕೆಳಗಿನ ಗದ್ದೆಗೆ. ಅಳವಿ ಅಂದರೆ ಬಾಣಂತಿಗೆ ಪಾಯಸ ಮಾಡಿಕೊಡುತ್ತೇವಲ್ಲ, ಅದೇ. ನೀರು ಕಂಡ ಕೂಡಲೇ ಲೋಳೆ ಬಿಟ್ಟು ಮಣ್ಣಿಗೆ ಕಚ್ಚಿಕೊಳ್ಳುತ್ತದೆ, ಸಾಸಿವೆಯಂತೆ ಉರುಳಿ ಹೋಗುವುದಿಲ್ಲ. ಇಳಿಜಾರಿಗೆ ಅಳವಿ, ಮಟ್ಟಸ ನೆಲಕ್ಕೆ ಸಾಸಿವೆ. ಲಕ್ಷ್ಮೀಪೂಜೆಗೆ ನಾಲ್ಕು ದಿನ ಮುಂಚೆ ಬಿತ್ತಿದರೆ ಪೂಜೆಯ ಸಂಜೆಗೆ ಹಸಿರು.

ಅಳತೆಯಲ್ಲಿ ಮಾತ್ರ ಯಾರೂ ಗೆಲ್ಲುವುದಿಲ್ಲ. ನನ್ನ ಮಗ ಒಮ್ಮೆ ಲೆಕ್ಕ ಹಾಕಿ ಹೇಳಿದ: ಎರಡಂಗುಲದ ಸಿಪಾಯಿ ಆರಡಿ ಆಳು ಎಂದಾದರೆ, ಗುಡ್ಡ 360 ಅಡಿ ಎಂದು ಹಿಡಿದರೂ 10 ಅಡಿ ಮಣ್ಣು ಹಾಕಬೇಕು. ಹತ್ತಡಿ! ಮನೆಯ ಮಾಳಿಗೆ ಮುಟ್ಟುತ್ತದೆ. ಆದ್ದರಿಂದ ಸಿಪಾಯಿ ದೊಡ್ಡವನು, ಗುಡ್ಡ ಸಣ್ಣದು. ಇರಲಿ. ಗುಡ್ಡ ಗುಡ್ಡಕ್ಕೆ ಹೋಲಿಸಿದಾಗ ಎತ್ತರ ತಗ್ಗು ಸರಿಯಿದ್ದರೆ ಕಣ್ಣು ಒಪ್ಪುತ್ತದೆ.

ಮಕ್ಕಳು ದೊಡ್ಡವರಾದರು. ಕೋಟೆ ನಿಂತಿತು. ಅದು ಎಲ್ಲರ ಮನೆಯ ಕತೆ, ಅದಕ್ಕೆ ಬೇಸರವಿಲ್ಲ. ಬೇಸರದ ಸಂಗತಿ ಬೇರೆ.

ನಮ್ಮಪ್ಪ ತೀರಿಕೊಂಡದ್ದು 2013ರಲ್ಲಿ. ವರ್ಷಾಂತಿಕ ಮುಗಿದ ಮೇಲೆ ಶಹಾಪುರದ ಮನೆಯ ಕಾಗದ ತಂದು ಅಣ್ಣ ನನ್ನ ಮುಂದಿಟ್ಟ. ಹಕ್ಕು ಬಿಟ್ಟುಕೊಡುವ ಕಾಗದ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು 2005ರಲ್ಲೇ ಕಾಯಿದೆ ಬಂದಿದೆ, ನಮ್ಮಲ್ಲಿ ಎಷ್ಟು ಜನ ಕೇಳುತ್ತೇವೆ? ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ. ನಾನೂ ಸಹಿ ಹಾಕುವವಳೇ. ಆದರೆ ಪೆನ್ನು ಹಿಡಿದಾಗ ನಾಲಿಗೆ ಜಾರಿತು. "ಕಿಲ್ಲೇದ ಹಲಗಿ ಮ್ಯಾಲೂ ನನ್ನ ಹೆಸರು ಇರಲಿಲ್ಲ, ಮನಿ ಕಾಗದದ ಮ್ಯಾಲೂ ಬ್ಯಾಡ ಬಿಡು" ಅಂದೆ.

ಅಣ್ಣನ ಮುಖ ಕಪ್ಪಿಟ್ಟಿತು. ಅತ್ತಿಗೆ ಎದ್ದು ಒಳಗೆ ಹೋದರು. ಸಹಿ ಹಾಕಿಕೊಟ್ಟು ಅದೇ ಸಂಜೆ ಬಸ್ಸು ಹತ್ತಿದೆ. ಆಮೇಲೆ ಅವನು ಬರಲಿಲ್ಲ, ನಾನು ಹೋಗಲಿಲ್ಲ. ಹತ್ತು ವರ್ಷ. ದೀಪಾವಳಿಯಲ್ಲಿ ಓಣಿಯ ಹೆಣ್ಣುಮಕ್ಕಳ ಮನೆಗೆ ಅಣ್ಣತಮ್ಮಂದಿರು ಬಂದಿಳಿಯುವಾಗ ನಾನು ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಮಾತು ಆಡಿದ್ದು ತಪ್ಪೇ ಎಂದು ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ಸುಳ್ಳಂತೂ ಆಡಿರಲಿಲ್ಲ.

ಹೀಗಿರುವಾಗ ಕಳೆದ ವರ್ಷ ಶ್ರಾವಣದಲ್ಲಿ ಒಂದು ರಾತ್ರಿ ಫೋನು. ಅಣ್ಣನ ಮಗ. ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದಾನೆ. "ಅತ್ಯಾ, ಒಂದು ಕೇಳಬೇಕಾಗಿತ್ತು. ಮಣ್ಣಿನ ಗುಡ್ಡಕ್ಕ ಬಂಡಿ ಹಂಗ ಕಾಣೂ ಬಣ್ಣ ಹೆಂಗ ಮಾಡೂದು?" ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಬಿಡಿಸಿ ಹೇಳಿದ. ಅಲ್ಲಿ ದೊಡ್ಡ ದೊಡ್ಡ ಗಂಡಸರು ಶನಿವಾರ ಭಾನುವಾರ ಒಂದು ಕಡೆ ಸೇರಿ, ಊಟದ ಮೇಜಿನಷ್ಟು ದೊಡ್ಡ ಮೇಜಿನ ಮೇಲೆ ಗುಡ್ಡ, ಹೊಳೆ, ಹಳ್ಳಿ ಮಾಡಿ, ಬೆರಳುದ್ದದ ಸಿಪಾಯಿಗಳನ್ನು ಇಟ್ಟು, ಅಳತೆಪಟ್ಟಿ ಹಿಡಿದು, ದಾಳ ಉರುಳಿಸಿ ಯುದ್ಧ ಆಡುತ್ತಾರಂತೆ! ಇವನೂ ಸೇರಿಕೊಂಡಿದ್ದಾನೆ. ಸಿಪಾಯಿ ಅಂಗಡಿಯಲ್ಲಿ ಸಿಗುತ್ತವೆ, ನೆಲ ಮಾತ್ರ ತಾನೇ ಮಾಡಿಕೊಳ್ಳಬೇಕು. ಕಟ್ಟಿಗೆ ಪುಡಿ, ಥರ್ಮೋಕೋಲಿನಂಥ ಹಲಗೆ, ಅಂಟು. ಒಂದು ಮುಷ್ಟಿ ಹುಲ್ಲಿನ ಪೊಟ್ಟಣಕ್ಕೆ ಐದು ಪೌಂಡು ಕೊಟ್ಟನಂತೆ, ಅದೂ ಪ್ಲಾಸ್ಟಿಕ್ ಹುಲ್ಲು. ಐನೂರು ರೂಪಾಯಿಗೂ ಮೇಲಾಯಿತು! ನಮ್ಮ ಸಾಸಿವೆಡಬ್ಬಿಯ ತಳದಲ್ಲಿರುವುದು ಸಾಕಿತ್ತಲ್ಲೋ ಅಂದೆ.

ಅವನೇ ಹೇಳಿದ ಕತೆಗಳು ಇವು. ಪ್ರಷ್ಯಾ ದೇಶದಲ್ಲಿ 1812ರಲ್ಲಿ ರೈಸ್‌ವಿಟ್ಸ್ ಎಂಬಾತ ಅಲ್ಲಿನ ರಾಜನಿಗೆ ಇಂಥದೊಂದು ಮೇಜನ್ನೇ ಮಾಡಿಕೊಟ್ಟಿದ್ದನಂತೆ. ಹೊಲ, ನದಿ, ದಾರಿ, ಗುಡ್ಡದ ಬಿಲ್ಲೆಗಳನ್ನು ಬೇಕಾದ ಹಾಗೆ ಜೋಡಿಸಿ ಬೇರೆ ಬೇರೆ ನಾಡು ಮಾಡಬಹುದಿತ್ತು. ಅವನ ಮಗ ಅದನ್ನು ನಕ್ಷೆಯ ಮೇಲೆ ಆಡುವ ಹಾಗೆ ತಿದ್ದಿ 1824ರಲ್ಲಿ ಹೊರತಂದ, ಸೈನ್ಯದ ಅಧಿಕಾರಿಗಳ ತರಬೇತಿಗೇ ಅದು ಬಳಕೆಯಾಯಿತು. (1824! ನಮ್ಮ ಕಿತ್ತೂರಿನಲ್ಲಿ ಚೆನ್ನಮ್ಮ ಮೇಜಿನ ಮೇಲಲ್ಲ, ನೆಲದ ಮೇಲೇ ಇಂಗ್ಲಿಷರನ್ನು ಸೋಲಿಸಿದ ವರ್ಷ.) 1913ರಲ್ಲಿ ಎಚ್. ಜಿ. ವೆಲ್ಸ್ ಎಂಬ ದೊಡ್ಡ ಕಾದಂಬರಿಕಾರ ಮನೆಯ ನೆಲದ ಮೇಲೆ ಮರದ ತುಂಡು, ಗಿಡದ ಟೊಂಗೆಗಳಿಂದ ಊರು ಕಾಡು ಮಾಡಿ, ಆಟದ ತೋಪು ಹಾರಿಸಿ ಯುದ್ಧ ಆಡುವ ಬಗ್ಗೆ ಪುಸ್ತಕವನ್ನೇ ಬರೆದ. ಅದರ ಉದ್ದನೆಯ ಹೆಸರಿನಲ್ಲಿ ಹುಡುಗರಿಗಾಗಿ ಎಂದು ಹೇಳಿ, ಕೊನೆಗೆ ಹುಡುಗರಾಟ ಇಷ್ಟಪಡುವ ಜಾಣ ಹುಡುಗಿಯರಿಗೂ ಒಂದು ಮೂಲೆ ಕೊಟ್ಟಿದ್ದಾನಂತೆ. ಹಲಗೆಯ ಮೇಲೆ ಅಷ್ಟಾದರೂ ಜಾಗ ಸಿಕ್ಕಿತಲ್ಲ ಎಂದುಕೊಂಡೆ.

ಇದನ್ನೆಲ್ಲ ಕೇಳಿ ನಕ್ಕು, ಬೂದಿ, ಇಟ್ಟಿಗೆ ಪುಡಿ, ಸುಣ್ಣದ ಅಳತೆ ಹೇಳಿದೆ. ಆಮೇಲೆ, "ಅಲ್ಲೋ, ನಿಮ್ಮಪ್ಪನ್ನ ಕೇಳಬೇಕಾಗಿತ್ತು. ಅವನಲ್ಲೇನು ಕಿಲ್ಲೆ ಕಟ್ಟುವವನು" ಅಂದೆ. ಸುಮ್ಮನಿರಬೇಕಿತ್ತು, ಆದರೆ ಅಂದೆ. ಹುಡುಗ ಸರಳ ಸ್ವಭಾವದವನು. "ಕೇಳಿದ್ನಿ ಅತ್ಯಾ. ಅಪ್ಪಾ ಅಂದ್ರು, ಗುಡ್ಡಾ ಮಾಡೂದು ನನಗ ಗೊತ್ತಿಲ್ಲ, ಅದೆಲ್ಲಾ ನಿಮ್ಮತ್ತಿನ ಮಾಡ್ತಿದ್ಲು, ನಾ ಬರೇ ಸಿಪಾಯಿ ಇಡ್ತಿದ್ನಿ ಅಂತ."

ಫೋನಿಟ್ಟ ಮೇಲೆ ತುಂಬ ಹೊತ್ತು ಕತ್ತಲಲ್ಲಿ ಕೂತಿದ್ದೆ. ನಮ್ಮವರು ಬಂದು ದೀಪ ಹಾಕಿ, ಯಾರ ಫೋನು ಅಂದರು. "ಯಾರಿಲ್ಲ, ಅಣ್ಣನ ಮಗ. ಬಣ್ಣ ಕೇಳಿದ" ಅಂದೆ.

ಹೀಗೆ ಕಳೆದ ದೀಪಾವಳಿಗೆ ಇಪ್ಪತ್ತು ವರ್ಷದ ಮೇಲೆ ಮತ್ತೆ ಮಣ್ಣು ಕಲಸಿದೆ. ಒಂಬತ್ತು ವರ್ಷದ ಮೊಮ್ಮಗಳು ರಜೆಗೆ ಬಂದಿದ್ದಳು. ಸೊಸೆ ಮೊದಲು ಹುಡುಗಿಯ ಫ್ರಾಕಿನ ಚಿಂತೆ ಮಾಡಿ, ಕೊನೆಗೆ ತಾನೇ ಸೀರೆ ಮೇಲೆ ಸಿಕ್ಕಿಸಿ ಮಣ್ಣು ತುಳಿಯಲು ನಿಂತಳು. ಅತ್ತೆಯವರಿಗೆ ಈಗ ಎಂಬತ್ತು ದಾಟಿದೆ. ಪಡಸಾಲೆಯ ಮಂಚದಿಂದಲೇ ಮೇಸ್ತ್ರಿಕೆ. "ಮ್ಯಾಲಿನ ಕ್ವಾಟಿ ಅಷ್ಟು ದೊಡ್ಡದಿಲ್ಲ, ಸಣ್ಣದು ಮಾಡು." "ಆಂಜನೇಯನ ಗುಡಿ ಎಲ್ಲಿ? ಪೂರ್ವ ಬಾಗಲ ಮುಂದ ಇಡು." ಎಲ್ಲ ಆಯಿತು. ಕುಂಬಾರ ಗುಡ್ಡಕ್ಕೆ ಬರುವಷ್ಟರಲ್ಲಿ ಮಣ್ಣು ಮುಗಿದು ಅದು ತಗ್ಗಾಯಿತು. ನನಗೂ ಸೊಂಟ ನೋವು. ಇದ್ದದ್ದರಲ್ಲೇ ನುಣ್ಣಗೆ ಮಾಡಿ ಮುಗಿಸಿದೆ.

ನರಕಚತುರ್ದಶಿಯ ಸಂಜೆ ಇಂಗ್ಲೆಂಡಿನ ಹುಡುಗ ವಿಡಿಯೋ ಕರೆ ಮಾಡಿದ. ಊರಿಗೆ ಬಂದಿದ್ದಾನಂತೆ, ಶಹಾಪುರದ ಮನೆಯಿಂದಲೇ ಮಾತಾಡುತ್ತಿದ್ದ. ಮೊಮ್ಮಗಳು ಫೋನು ಹಿಡಿದು ಗುಡ್ಡವನ್ನೆಲ್ಲ ಸುತ್ತಿ ತೋರಿಸಿದಳು, ಮುತ್ತಜ್ಜಿಯಿಂದ ಕಲಿತ ಎಂಜಿನಿಯರನ ಕತೆಯನ್ನೂ ಹೇಳಿದಳು. ಆ ಕಡೆ ಹುಡುಗನ ಹೆಗಲ ಹಿಂದೆ ಒಂದು ಬಿಳಿ ತಲೆ ಬಂದು ನಿಂತಿತು. ಕೂದಲು ಅಷ್ಟು ಬೆಳ್ಳಗಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ.

"ಆ ಎರಡನೇ ಗುಡ್ಡ ತಗ್ಗಾತು" ಅಂದ ಅಣ್ಣ. "ಅದು ಎತ್ತರಿದ್ರನ ಅಲ್ಲೇನು ಅವನ್ನ ಗಲ್ಲಿಗೆ ಹಾಕಿದ್ದು? ಇನ್ನೂ ಎರಡು ಬುಟ್ಟಿ ಮಣ್ಣು ಬೇಕ ಅದಕ್ಕ."

ಹತ್ತು ವರ್ಷದ ಮೇಲೆ ಆಡಿದ ಮೊದಲ ಮಾತು ನೋಡಿ! ನನಗೆ ಗಂಟಲು ಕಟ್ಟಿತು. ಏನು ಹೇಳಲೂ ತೋಚದೆ, "ಮಣ್ಣು ಹೊರೋರು ಯಾರಿಲ್ಲ" ಅಂದೆ. ಅಷ್ಟರಲ್ಲಿ ಮಂಚದ ಮೇಲಿಂದ ಅತ್ತೆಯವರು, "ಯಾರದು, ನಿಮ್ಮಣ್ಣೇನು? ಇಲ್ಲಿ ಕೊಡು" ಎಂದು ಫೋನು ಕಸಿದುಕೊಂಡು, "ಏನಪ್ಪಾ, ತಂಗಿ ಮನಿ ದಾರಿ ಮರತೀಯೇನು? ಬಂದು ಎರಡು ಬುಟ್ಟಿ ನೀನೇ ಹೊರು" ಅಂದುಬಿಟ್ಟರು. ಆ ಕಡೆಯಿಂದ ಏನು ಉತ್ತರ ಬಂತೋ, ಅವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ನನಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮವರೇ ಹೋಗಿ ಎರಡು ಬುಟ್ಟಿ ಮಣ್ಣು ತಂದರು. ಕುಂಬಾರ ಗುಡ್ಡ ಎತ್ತರವಾಯಿತು. ಸಿಪಾಯಿಯ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಬೇಕು, ಆಗಲೇ ಯಾರಿಗೆ ಯಾರು ಕಾಣುತ್ತಾರೆಂದು ತಿಳಿಯುವುದು ಎಂದು ಇಂಗ್ಲೆಂಡಿನ ಹುಡುಗ ಹೇಳಿಕೊಟ್ಟಿದ್ದ. ಮೊಮ್ಮಗಳು ಕುಂಬಾರ ಗುಡ್ಡದ ಹಿಂದೆ ನೆಲಕ್ಕೆ ಒರಗಿ, ತುದಿಗೆ ಕೆನ್ನೆ ಹಚ್ಚಿ ಒಂದು ಕಣ್ಣು ಮುಚ್ಚಿದಳು. "ಅಜ್ಜೀ! ಕೋಟೆ ಒಳಗೆಲ್ಲ ಕಾಣ್ತದ! ನೀನು ಇಟ್ಟ ಒಲಿ, ಬಾವಿ, ಎಲ್ಲಾ ಕಾಣ್ತದ!" ಸೊಸೆ ಬಗ್ಗಿ ನೋಡಿದಳು. ನಾನೂ ಸೊಂಟ ಹಿಡಿದುಕೊಂಡು ಬಗ್ಗಿದೆ. ನಿಜ, ಗೋಡೆಯ ಮೇಲಿಂದ ಎಲ್ಲ ಬಟಾಬಯಲು. ನಲವತ್ತು ವರ್ಷ ಆ ಕತೆ ಕೇಳಿದ್ದೆ, ಪಾಪ ಆ ಎಂಜಿನಿಯರನ ಹೊಟ್ಟೆಯಲ್ಲಿ ಆ ದಿನ ಎಂಥ ಸಂಕಟವಾಗಿರಬೇಕು ಎಂದು ಹೊಳೆದದ್ದು ಅವತ್ತೇ.

ಹಲಗೆಯನ್ನೂ ಇಟ್ಟೆವು. ಮೊಮ್ಮಗಳು ದುಂಡಗೆ ಬರೆದಳು. ಅವಳದು, ಅವಳಮ್ಮನದು, ನನ್ನದು, ಮುತ್ತಜ್ಜಿಯದು. ಮಣ್ಣು ಹೊತ್ತ ತಾತನ ಹೆಸರು ಬರೆಯಬೇಕೋ ಬೇಡವೋ ಎಂದು ಸ್ವಲ್ಪ ಚರ್ಚೆಯಾಗಿ, ಕೊನೆಗೆ ಸಣ್ಣ ಅಕ್ಷರದಲ್ಲಿ ಸೇರಿಸಿದಳು.

ಹಬ್ಬ ಮುಗಿದು ವಾರಕ್ಕೆ ಹಿಂಗಾರು ಮಳೆ ಬಂದು ಕೆಳಗಿನ ಕೋಟೆ ಕರಗಿತು. ಉಳಿದ ಮಣ್ಣನ್ನು ಬದನೆ ಮಡಿಗೆ ಹಾಕಿದ್ದೇನೆ. ಹೊಟ್ಟು ಸಗಣಿ ಇದ್ದ ಮಣ್ಣು, ಗಿಡ ಚೆನ್ನಾಗಿ ಬಂದಿವೆ. ಅಣ್ಣ ಇನ್ನೂ ಬಂದಿಲ್ಲ. ಆದರೆ ಸಂಕ್ರಾಂತಿಯ ಹಿಂದುಮುಂದು ಒಂದು ದಿನ ಬೆಳಗಾವಿಯಿಂದ ಬಂದ ಯಾರದೋ ಕೈಯಲ್ಲಿ ಒಂದು ಪೊಟ್ಟಣ ಬಂತು. ಬಿಚ್ಚಿದರೆ ಕುಂದಾ ಡಬ್ಬಿ. ಅತ್ತೆಯವರಿಗೆ ಬೆಳಗಾವಿ ಕುಂದಾ ಎಂದರೆ ಪ್ರಾಣ. ಸಕ್ಕರೆ ಕಾಯಿಲೆ ಲೆಕ್ಕಿಸದೆ ಡಬ್ಬಿ ತಾವೇ ತೆಗೆದುಕೊಂಡು ಮುಚ್ಚಳ ಎತ್ತಿದರು. ಒಳಗೆ ಹತ್ತಿಯಲ್ಲಿ ಸುತ್ತಿದ ಮಣ್ಣಿನ ಮಾವಳೆಗಳು, ಇಪ್ಪತ್ತು. ಒಬ್ಬನ ಕಾಲು ಮುರಿದಿತ್ತು. ಚೀಟಿ ಇರಲಿಲ್ಲ.

"ಕುಂದಾ ಎಲ್ಲೈತಿ?" ಎಂದು ಅತ್ತೆಯವರು ಹತ್ತಿಯನ್ನೆಲ್ಲ ಕೆದಕಿ ನೋಡಿದರು. ನಾನು ಮುರಿದ ಕಾಲಿಗೆ ಗೋದಿಹಿಟ್ಟಿನ ಅಂಟು ಹಚ್ಚಿ, ಎಲ್ಲರನ್ನೂ ದೇವರ ಕೋಣೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿದ್ದೇನೆ. ಈ ಸಲದ ಮಣ್ಣಿಗೆ ಹೊಟ್ಟು ಈಗಲೇ ಹೇಳಿಟ್ಟಿದ್ದೇನೆ, ಸುಗ್ಗಿ ಮುಗಿದ ಮೇಲೆ ಸಿಗುವುದು ಕಷ್ಟ.